ಕಸದಲ್ಲಿ ಸಿಕ್ಕ ಸಾಕ್ಷಿ

ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ತಗೊಳ್ಳಿ. ತಾರೀಖು, ಜಾಗ, ಮಾಡೆಲ್ಲಿನ ಹೆಸರು, ಎಲ್ಲ ಅಳಿಸಿಬಿಡಿ. ಆದರೂ ಆ ಫೋಟೊ ತನ್ನನ್ನು ತೆಗೆದ ಮೊಬೈಲನ್ನು ಗುರುತಿಸಬಲ್ಲದು! ಅದೇ ಕಂಪನಿಯ ಅದೇ ಮಾಡೆಲ್ಲಿನ ಇನ್ನೊಂದನ್ನಲ್ಲ, ನಿಮ್ಮ ಕೈಯಲ್ಲಿರುವುದನ್ನೇ!

ಇದನ್ನು ತೋರಿಸಿಕೊಟ್ಟವರು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಜೆಸ್ಸಿಕಾ ಫ್ರೀಡ್ರಿಕ್ ಮತ್ತು ಅವರ ಸಂಗಡಿಗರಾದ ಯಾನ್ ಲುಕಾಶ್, ಮಿರೊಸ್ಲಾವ್ ಗೊಲ್ಯಾನ್. ಅವರ ಪ್ರಬಂಧ ಬಂದದ್ದು 2006ರಲ್ಲಿ. ಹೌದು, ರೂಬಿಕ್ಸ್ ಕ್ಯೂಬನ್ನು ಸರಸರನೆ ಬಿಡಿಸುವ ಮಕ್ಕಳು ಕಲಿಯುವ 'ಫ್ರೀಡ್ರಿಕ್ ವಿಧಾನ'ದ ಅದೇ ಫ್ರೀಡ್ರಿಕ್! 1982ರಲ್ಲಿ ಬುಡಾಪೆಸ್ಟ್‌ನ ವಿಶ್ವ ಸ್ಪರ್ಧೆಯಲ್ಲಿ ಆಡಿ, ಪ್ರಾಗ್‌ನಲ್ಲಿ ಗಣಿತ ಓದಿ, 1995ರಲ್ಲಿ ಬಿಂಗ್‌ಹ್ಯಾಂಟನ್‌ನಲ್ಲೇ ಪಿಎಚ್.ಡಿ. ಮುಗಿಸಿದವರು. ಚಿತ್ರದೊಳಗೆ ಗುಪ್ತ ಸಂದೇಶ ಅಡಗಿಸುವ, ಅಡಗಿದ್ದನ್ನು ಪತ್ತೆಹಚ್ಚುವ ವಿದ್ಯೆ ಅವರ ಕ್ಷೇತ್ರ. ಅಂಥ ಗುಟ್ಟು ಅಡಗುವುದೆಲ್ಲಿ? ನಾವೆಲ್ಲ ಕಸವೆಂದು ತಳ್ಳುವ ನಾಯ್ಸ್‌ನಲ್ಲಿ, ಅಂದರೆ ಚಿತ್ರದಲ್ಲಿ ಬೆರೆತ ಬೇಡದ ಸಣ್ಣ ಏರುಪೇರುಗಳಲ್ಲಿ. ಸಾಕ್ಷಿ ಸಿಕ್ಕಿದ್ದೂ ಅಲ್ಲೇ!

ಕ್ಯಾಮೆರಾದ ಸೆನ್ಸರ್‌ನಲ್ಲಿ ಲಕ್ಷಾಂತರ ಪಿಕ್ಸೆಲ್‌ಗಳಿರುತ್ತವೆ. ಹಿಟ್ಟು ಒಂದೇ, ಕಾವಲಿ ಒಂದೇ ಆದರೂ ಎರಡು ದೋಸೆಗಳ ಮೇಲಿನ ತೂತುಗಳು ಒಂದೇ ಥರ ಕೂರುವುದುಂಟೆ? ಸಿಲಿಕಾನ್ ಕೂಡ ಹಾಗೆಯೇ. ಒಂದೇ ಬೆಳಕು ಬಿದ್ದರೂ ಒಂದು ಪಿಕ್ಸೆಲ್ ಕೂದಲೆಳೆಯಷ್ಟು ಹೆಚ್ಚು, ಪಕ್ಕದ್ದು ಕೂದಲೆಳೆಯಷ್ಟು ಕಡಿಮೆ ಸ್ಪಂದಿಸುತ್ತದೆ. ಕಣ್ಣಿಗೆ ಕಾಣದ ಈ ಏರುಪೇರು ಆ ಕ್ಯಾಮೆರಾದ ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಜೆಪೆಗ್‌ಗೆ ಕುಗ್ಗಿಸಿದರೂ ಸುಲಭಕ್ಕೆ ಅಳಿಯುವುದಿಲ್ಲ!

ಈ ಏರುಪೇರನ್ನು ಹಿಡಿಯುವ ಬಗೆಯಂತೂ ಎಷ್ಟು ಸರಳ! ಒಂದೇ ಕ್ಯಾಮೆರಾದ ಹತ್ತಾರು ಫೋಟೊಗಳನ್ನು ಸೇರಿಸಿ. ತಿಳಿ ಆಕಾಶದವಾದರೆ ಇನ್ನೂ ಒಳ್ಳೆಯದು. ಪ್ರತಿಯೊಂದನ್ನೂ ನಯಗೊಳಿಸಿ, ನಯವಾದದ್ದನ್ನು ಮೂಲದಿಂದ ಕಳೆಯಿರಿ. ಉಳಿದ ಕಸಗಳ ಸರಾಸರಿ ತೆಗೆದರೆ ದೃಶ್ಯವೆಲ್ಲ ಕರಗಿ ಕ್ಯಾಮೆರಾದ ಬೆರಳಚ್ಚು ಮೇಲೇಳುತ್ತದೆ. ಬೇರೊಂದು ಫೋಟೊದ ಕಸದಲ್ಲೂ ಅದೇ ಬೆರಳಚ್ಚು ಕಂಡರೆ ಅದು ಆ ಕ್ಯಾಮೆರಾದ್ದೇ. ಇದಕ್ಕೆ ಬೆಳಕು ಬೇಕೇ ಬೇಕು. ಕಗ್ಗತ್ತಲ ಚಿತ್ರದಲ್ಲಿ ಗುರುತು ಮೂಡುವುದಿಲ್ಲ, ಬೆಳಕು ಮಿತಿಮೀರಿ ಬೆಳ್ಳಗಾದ ಕಡೆಯೂ ಸಿಗುವುದಿಲ್ಲ. ಯಾರಾದರೂ ಫೋಟೊದೊಳಗೆ ಇನ್ನೊಂದು ಮುಖ ಅಂಟಿಸಿದರೆ? ಅಷ್ಟು ಭಾಗದಲ್ಲಿ ಬೆರಳಚ್ಚು ಮಾಯ. ತಿದ್ದಿದ ಜಾಗವೇ ಬಯಲಾಗುತ್ತದೆ!

ನನಗೆ ಮೈ ಜುಮ್ಮೆನ್ನಿಸಿದ್ದು ಇದರ ಮುಂದಿನ ಕಥೆ. ನೀವು ಅಂತರ್ಜಾಲಕ್ಕೆ ಏರಿಸಿದ ಫೋಟೊಗಳಿಂದ ಕಳ್ಳನೊಬ್ಬ ನಿಮ್ಮ ಕ್ಯಾಮೆರಾದ ಬೆರಳಚ್ಚು ಎತ್ತಿ, ನೀವು ತೆಗೆಯದ ಚಿತ್ರಕ್ಕೆ ಒತ್ತಿಬಿಟ್ಟರೆ? ಅದಕ್ಕೂ ಈ ತಂಡ ಉತ್ತರ ಹುಡುಕಿತು. ಎತ್ತಿದ ಬೆರಳಚ್ಚು ಎಂದೂ ಶುದ್ಧವಾಗಿರುವುದಿಲ್ಲ. ಯಾವ ಫೋಟೊಗಳಿಂದ ಎತ್ತಿದನೋ ಅವುಗಳ ನಾಯ್ಸ್‌ನ ತುಣುಕುಗಳೂ ಜೊತೆಗೆ ಅಂಟಿ ಬರುತ್ತವೆ. ಹಾಗಾಗಿ ಸುಳ್ಳು ಚಿತ್ರವನ್ನು ನಿಮ್ಮ ಫೋಟೊಗಳ ಪಕ್ಕ ಒಂದೊಂದಾಗಿ ಇಟ್ಟು ಹೋಲಿಸಿದರೆ, ಕಳ್ಳ ಬಳಸಿಕೊಂಡ ಫೋಟೊಗಳೊಂದಿಗೆ ಮಾತ್ರ ನಂಟು ಇರಬೇಕಾದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ!