ಆನ್‌ಫೀಲ್ಡ್: ಬಾಡಿಗೆ ಜಗಳದಲ್ಲಿ ಹುಟ್ಟಿದ ಕ್ಲಬ್

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಉತ್ತರ ಭಾಗದಲ್ಲಿ, ಸ್ಟ್ಯಾನ್ಲಿ ಪಾರ್ಕಿನ ಮಗ್ಗುಲಲ್ಲೇ ಆನ್‌ಫೀಲ್ಡ್ ಕ್ರೀಡಾಂಗಣವಿದೆ. ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ತವರೆಂದೇ ಇಂದು ಎಲ್ಲರಿಗೂ ಇದರ ಪರಿಚಯ. ಆದರೆ ಇಲ್ಲಿ ಮೊದಲು ಆಡಿದ್ದು ಅದೇ ಊರಿನ ಎದುರಾಳಿ ಎವರ್ಟನ್. ಸಾಮಾನ್ಯವಾಗಿ ತಂಡ ಕಟ್ಟಿಕೊಂಡವರು ಆಡಲು ಜಾಗ ಹುಡುಕುತ್ತಾರೆ. ಇಲ್ಲಿ ಖಾಲಿ ಬಿದ್ದ ಮೈದಾನಕ್ಕಾಗಿಯೇ ಒಂದು ತಂಡ ಕಟ್ಟಲಾಯಿತು.

ಎವರ್ಟನ್ ತಂಡದ ಮೂಲ ಸೇಂಟ್ ಡೊಮಿಂಗೊ ಎಂಬ ಮೆಥಡಿಸ್ಟ್ ಚರ್ಚು. ಬೇಸಿಗೆಯಲ್ಲಿ ಕ್ರಿಕೆಟ್ ಆಡುತ್ತಿದ್ದ ಅಲ್ಲಿನ ಯುವಕರು ಚಳಿಗಾಲಕ್ಕೂ ಒಂದು ಆಟ ಬೇಕೆಂದು 1878ರಲ್ಲಿ ಫುಟ್‌ಬಾಲ್ ಶುರುಮಾಡಿದರು. ಮರುವರ್ಷ ತಮ್ಮ ಬಡಾವಣೆಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡರು. ಕೆಲವು ವರ್ಷ ಸ್ಟ್ಯಾನ್ಲಿ ಪಾರ್ಕಿನ ಬಯಲಲ್ಲಿ ಆಡಿ, 1884ರಲ್ಲಿ ಆನ್‌ಫೀಲ್ಡಿಗೆ ಬಂದರು. ಜಾಗ ಜಾನ್ ಓರೆಲ್ ಎಂಬ ಬಿಯರ್ ತಯಾರಕರದು. ಅದನ್ನು ಕೊಡಿಸಿದವರು ಅದೇ ವ್ಯಾಪಾರದಲ್ಲಿದ್ದ ಜಾನ್ ಹೌಲ್ಡಿಂಗ್. ಇವರು ಕ್ಲಬ್ಬಿನ ಅಧ್ಯಕ್ಷರೂ ಆಗಿದ್ದರು. ಆ ಸೆಪ್ಟೆಂಬರ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಎವರ್ಟನ್ 5–0 ಗೋಲುಗಳಿಂದ ಅರ್ಲ್ಸ್‌ಟೌನ್ ತಂಡವನ್ನು ಸೋಲಿಸಿತು. ಮೈದಾನದಲ್ಲಿ ಬಟ್ಟೆ ಬದಲಿಸಲು ಕೋಣೆಯಿರಲಿಲ್ಲ. ಆಟಗಾರರು ಹೌಲ್ಡಿಂಗ್ ಅವರದೇ ಸ್ಯಾಂಡನ್ ಹೋಟೆಲಿನಲ್ಲಿ ಸಿದ್ಧರಾಗಿ ನಡೆದುಕೊಂಡು ಬರುತ್ತಿದ್ದರು.

1888ರಲ್ಲಿ ಫುಟ್‌ಬಾಲ್ ಲೀಗ್ ಆರಂಭವಾದಾಗ ಅದರ 12 ತಂಡಗಳಲ್ಲಿ ಎವರ್ಟನ್ ಕೂಡ ಒಂದು. 1890–91ರಲ್ಲಿ ಅದು ಚಾಂಪಿಯನ್ ಆಯಿತು. ಗೆಲುವಿನ ಜೊತೆಗೇ ಜಗಳವೂ ಬೆಳೆಯಿತು. ಅಷ್ಟರಲ್ಲಿ ಮೈದಾನದ ಒಡೆತನ ಹೌಲ್ಡಿಂಗ್ ಕೈಗೆ ಬಂದಿತ್ತು. ವರ್ಷಕ್ಕೆ 100 ಪೌಂಡ್ ಇದ್ದ ಬಾಡಿಗೆ 250 ಪೌಂಡಿಗೆ ಏರಿತ್ತು. ಹೌಲ್ಡಿಂಗ್ ಅವರನ್ನು ಬರೀ ದುರಾಸೆಯ ಮನುಷ್ಯ ಎನ್ನುವುದು ನ್ಯಾಯವಲ್ಲ. ಕ್ಲಬ್ಬಿಗೆ ಹಣ ಬೇಕಾದಾಗ ಸಾಲ ಕೊಟ್ಟವರು ಅವರೇ. ಆದರೆ ಅಧ್ಯಕ್ಷ, ಸಾಲ ಕೊಟ್ಟವ, ಜಾಗದ ಮಾಲೀಕ ಮೂರೂ ಒಬ್ಬರೇ ಆದಾಗ ಸದಸ್ಯರಿಗೆ ಉಸಿರುಕಟ್ಟಿದ್ದೂ ಸಹಜ. 1892ರ ಮಾರ್ಚ್‌ನಲ್ಲಿ ಸಂಬಂಧ ಹರಿಯಿತು. ಸೇಂಟ್ ಡೊಮಿಂಗೊ ಚರ್ಚಿನ ಆರ್ಗನ್ ವಾದಕ ಜಾರ್ಜ್ ಮಹೋನ್ ಅವರ ಮುಂದಾಳತ್ವದಲ್ಲಿ ಹೆಚ್ಚಿನ ಸದಸ್ಯರು ಪಾರ್ಕಿನ ಆಚೆ ಬದಿಗೆ ಹೋಗಿ ಗೂಡಿಸನ್ ಪಾರ್ಕ್ ಕಟ್ಟಿಕೊಂಡರು.

ಎವರ್ಟನ್ ಎಂಬ ಹೆಸರನ್ನು ತಾವೇ ಉಳಿಸಿಕೊಳ್ಳಲು ಹೌಲ್ಡಿಂಗ್ ಯತ್ನಿಸಿದರು. ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಲಿಲ್ಲ. ಹೀಗೆ ಆಟಗಾರರಿಲ್ಲದ ಮೈದಾನಕ್ಕೆ ಲಿವರ್‌ಪೂಲ್ ಎಂಬ ಹೊಸ ಕ್ಲಬ್ ಬಂತು. ಹೌಲ್ಡಿಂಗ್ ಅವರ ಒಡನಾಡಿ, ಐರ್ಲೆಂಡ್ ಮೂಲದ ಜಾನ್ ಮೆಕೆನ್ನಾ ಸ್ಕಾಟ್ಲೆಂಡಿನಿಂದ ಆಟಗಾರರನ್ನು ಕರೆತಂದರು. ತಂಡದ ತುಂಬ 'ಮ್ಯಾಕ್' ಎಂದು ಶುರುವಾಗುವ ಹೆಸರುಗಳೇ! 1892ರ ಸೆಪ್ಟೆಂಬರ್ 1ರಂದು ರಾದರಮ್ ಟೌನ್ ವಿರುದ್ಧದ ಸ್ನೇಹ ಪಂದ್ಯದಲ್ಲಿ ಈ ತಂಡ 7–1ರಿಂದ ಗೆದ್ದಿತು. ಆಗ ಅಂಗಿಯ ಬಣ್ಣ ನೀಲಿ–ಬಿಳಿ. ಕೆಂಪು ಬಂದದ್ದು 1896ರಲ್ಲಿ.

ಮೊದಲ ವರ್ಷವೇ ಲ್ಯಾಂಕಾಷೈರ್ ಲೀಗ್ ಕೈಸೇರಿತು. ಮರುವರ್ಷ ಫುಟ್‌ಬಾಲ್ ಲೀಗಿನ ಎರಡನೇ ಡಿವಿಷನ್ನಿನ 28 ಪಂದ್ಯಗಳಲ್ಲಿ ತಂಡ ಒಂದನ್ನೂ ಸೋಲಲಿಲ್ಲ. ಮೊದಲ ಡಿವಿಷನ್ನಿಗೇರಿ, 1895ರಲ್ಲಿ ಕೆಳಗಿಳಿದು, ಮತ್ತೆ ಮರುವರ್ಷವೇ ಮೇಲೇರಿತು. ಸಂಡರ್ಲೆಂಡ್ ತಂಡಕ್ಕೆ ಲೀಗ್ ಗೆಲ್ಲಿಸಿಕೊಟ್ಟಿದ್ದ ಟಾಮ್ ವಾಟ್ಸನ್ ಅವರನ್ನು 1896ರಲ್ಲಿ ಕರೆತಂದದ್ದು ಕ್ಲಬ್ಬಿನ ಅತ್ಯುತ್ತಮ ನಿರ್ಧಾರ. 1901 ಮತ್ತು 1906ರಲ್ಲಿ ಅವರ ಕೈಕೆಳಗೆ ಲೀಗ್ ಪ್ರಶಸ್ತಿ ಬಂತು.

ಮೈದಾನದ ಮೂಲೆಯ ಧ್ವಜಸ್ತಂಭ ಒಂದು ಹಡಗಿನ ಅವಶೇಷ. ಎಂಜಿನಿಯರ್ ಬ್ರೂನೆಲ್ ರೂಪಿಸಿದ 'ಗ್ರೇಟ್ ಈಸ್ಟರ್ನ್' ಹಡಗನ್ನು ಮರ್ಸಿ ನದಿಯ ದಡದಲ್ಲಿ ಒಡೆದಾಗ ಅದರ ಪಟಸ್ತಂಭದ ತುದಿಯನ್ನು ತಂದು ಇಲ್ಲಿ ನೆಟ್ಟರು. ಎರಡನೇ ಪ್ರಶಸ್ತಿ ಬಂದ 1906ರಲ್ಲೇ ಒಂದು ಕೊನೆಯಲ್ಲಿ ನಿಂತು ನೋಡುವವರಿಗಾಗಿ ಎತ್ತರದ ದಿಬ್ಬ ಎದ್ದಿತು. ದಕ್ಷಿಣ ಆಫ್ರಿಕದ ಸ್ಪಿಯಾನ್ ಕಾಪ್ ಬೆಟ್ಟದಲ್ಲಿ 1900ರಲ್ಲಿ ನಡೆದ ಬೋಯರ್ ಯುದ್ಧದ ಕಾಳಗದಲ್ಲಿ ಈ ಸೀಮೆಯ ಅನೇಕ ಸೈನಿಕರು ಮಡಿದಿದ್ದರು. ಪತ್ರಕರ್ತ ಅರ್ನೆಸ್ಟ್ ಎಡ್ವರ್ಡ್ಸ್ ದಿಬ್ಬಕ್ಕೆ ಅದೇ ಹೆಸರು ಸೂಚಿಸಿದರು. 1928ರಲ್ಲಿ ಅದಕ್ಕೆ ಛಾವಣಿ ಬಂತು.