ಹಳೇ ಕಂಪ್ಯೂಟರಿನ ನೆನಪೆಲ್ಲ ಹೊಸದಕ್ಕೆ, ಒಂದೇ ಕೇಬಲಿನಲ್ಲಿ!

"ಅಕ್ಕಾ, ಎಲ್ಲಾ ಹೋಯ್ತು ಕಣಕ್ಕಾ..." ಅಂತ ಓರಗಿತ್ತಿ ಫೋನಿನಲ್ಲಿ ಅಳೋಕೆ ಶುರು ಮಾಡಿದಾಗ, ಯಾರಿಗೆ ಏನಾಯಿತೋ ಎಂದು ನನ್ನ ಎದೆ ಧಸಕ್ಕೆಂದಿತು. ಹೋಗಿದ್ದು ಫೋಟೊಗಳು. ಕಂಪ್ಯೂಟರ್ ತೀರಾ ನಿಧಾನ ಆಯಿತೆಂದು ಅಂಗಡಿಗೆ ಕೊಟ್ಟಿದ್ದಳು. ಅಲ್ಲಿನ ಹುಡುಗ ಒಳಗಿದ್ದದ್ದನ್ನೆಲ್ಲ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, "ಈಗ ಸೂಪರ್ ಆಗಿದೆ ಮೇಡಂ" ಎಂದು ಕೈಗಿತ್ತಿದ್ದ. ಮಗನ ನಾಮಕರಣ, ಮೊದಲ ಹುಟ್ಟುಹಬ್ಬ, ತೀರಿಹೋದ ಅವಳ ಅಮ್ಮನ ಫೋಟೊಗಳು... ಯಾವುದಕ್ಕೂ ಇನ್ನೊಂದು ಪ್ರತಿ ಇರಲಿಲ್ಲ.

ಹೋದ ವರ್ಷ ನಮ್ಮ ಮನೆಗೆ ಹೊಸ ಲ್ಯಾಪ್‌ಟಾಪ್ ಬಂದಾಗ ನನಗೆ ಅವಳ ಅಳುವೇ ನೆನಪಾಯಿತು. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಹಳೇ ಕಂಪ್ಯೂಟರಿನಲ್ಲಿ ಸುಮಾರು 60 ಜಿಬಿಯಷ್ಟು ಫೋಟೊ, ವಿಡಿಯೊ, ಮನೆ ಪತ್ರಗಳ ಸ್ಕ್ಯಾನ್, ಬ್ಯಾಂಕ್ ಲೆಕ್ಕ ಎಲ್ಲ ಇತ್ತು. ಅದನ್ನು ಯಾರ ಕೈಗೂ ಕೊಡಬಾರದು ಎಂದು ನಿರ್ಧರಿಸಿ ನಾನೇ ಕೂತೆ. ಬೇಕಾಗಿದ್ದು ಒಂದು ಕೇಬಲ್, ಒಂದಿಷ್ಟು ತಾಳ್ಮೆ. ಅಷ್ಟೇ!

ಪೆನ್‌ಡ್ರೈವ್ ಸಾಲದೇ?

ನಾಲ್ಕಾರು ಫೈಲ್‌ಗಳಿಗಾದರೆ ಧಾರಾಳವಾಗಿ ಸಾಕು. ಆದರೆ ಹತ್ತಾರು ಜಿಬಿ ಇದ್ದರೆ ಅಲ್ಲಿಂದಿಲ್ಲಿಗೆ ಹತ್ತು ಸಲ ಓಡಾಡಬೇಕು. ಯಾವುದು ಬಂತು, ಯಾವುದು ಬಿಟ್ಟಿತು ಅನ್ನೋ ಲೆಕ್ಕವೇ ತಪ್ಪಿಹೋಗುತ್ತದೆ. ಅನೇಕ ಪೆನ್‌ಡ್ರೈವ್‌ಗಳು 'ಫ್ಯಾಟ್32' ಮಾದರಿಯಲ್ಲಿರುತ್ತವೆ. ಅವುಗಳಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲ್ ಹಿಡಿಸುವುದಿಲ್ಲ. ಮದುವೆ ವಿಡಿಯೊ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಫೋಟೊ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸಿದರೆ ಈ ತಾಪತ್ರಯ ಯಾವುದೂ ಇಲ್ಲ. ಇಂಟರ್ನೆಟ್ ಕೂಡ ಬೇಡ.

ಯಾವ ಕೇಬಲ್ ತರಬೇಕು?

ಅಂಗಡಿಯಲ್ಲಿ 'ಲ್ಯಾನ್ ಕೇಬಲ್' ಎಂದು ಕೇಳಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಆದರೆ ಸಾಕು. ಮನೆಯ ಬ್ರಾಡ್‌ಬ್ಯಾಂಡ್ ಡಬ್ಬಿಗೆ ಹಾಕುವ, ಟೆಲಿಫೋನ್ ಪಿನ್ನಿಗಿಂತ ಸ್ವಲ್ಪ ಅಗಲವಾದ ಪಿನ್ ಇರುವ ವೈರು ಇದೇ. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ಪಿನ್ನಿಗೆ ಜಾಗವೇ ಇರುವುದಿಲ್ಲ. ಆಗ 'ಯುಎಸ್‌ಬಿ ಟು ಲ್ಯಾನ್' ಅಡಾಪ್ಟರ್ ಕೂಡ ತರಬೇಕು.

ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಆಟ ಆಡಿದ್ದು ನೆನಪಿದೆಯಾ? ಒಬ್ಬರು ಬಾಯಿಗೆ ಹಿಡಿದಾಗ ಇನ್ನೊಬ್ಬರು ಕಿವಿಗೆ ಹಿಡಿಯಬೇಕು. ಕಂಪ್ಯೂಟರಿನದೂ ಅದೇ ಕಥೆ. ಒಂದರ 'ಬಾಯಿ' ವೈರು ಇನ್ನೊಂದರ 'ಕಿವಿ'ಗೆ ಸೇರಬೇಕು. ಹಿಂದೆಲ್ಲ ಇದಕ್ಕಾಗಿ ಒಳಗಿನ ವೈರುಗಳನ್ನು ಅದಲುಬದಲು ಮಾಡಿದ 'ಕ್ರಾಸ್‌ಓವರ್' ಕೇಬಲ್ ಬೇಕಾಗುತ್ತಿತ್ತು. ಗಿಗಾಬಿಟ್ ಪೋರ್ಟ್ ಇರುವ ಕಂಪ್ಯೂಟರುಗಳು ಈ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ. ಎರಡರಲ್ಲಿ ಒಂದು ಹೊಸದಾಗಿದ್ದರೂ ಸಾಮಾನ್ಯ ಕೇಬಲ್ ಸಾಕು.

ಜೋಕೆ! ಎರಡೂ ತುದಿಯಲ್ಲಿ ಪೆನ್‌ಡ್ರೈವ್‌ನಂಥ ಚಪ್ಪಟೆ ಪಿನ್ ಇರುವ ಮಾಮೂಲಿ ಯುಎಸ್‌ಬಿ ವೈರಿನಿಂದ ಎರಡು ಕಂಪ್ಯೂಟರ್ ಜೋಡಿಸಬೇಡಿ. ಫೈಲ್ ಹೋಗುವುದಿಲ್ಲ, ಪೋರ್ಟ್ ಸುಟ್ಟುಹೋಗಬಹುದು.

ಎರಡಕ್ಕೂ ಮನೆ ನಂಬರ್ ಕೊಡಿ

ಎರಡನ್ನೂ ಆನ್ ಮಾಡಿ, ಕೇಬಲ್ 'ಟಕ್' ಎನ್ನುವವರೆಗೆ ಒತ್ತಿ. ಸಾಮಾನ್ಯವಾಗಿ ಪಿನ್ನಿನ ಪಕ್ಕ ಪುಟ್ಟ ದೀಪ ಮಿನುಗುತ್ತದೆ. ಕೆಲಸ ಮುಗಿಯುವ ತನಕ ವೈಫೈ ಆಫ್ ಇರಲಿ.

ಈಗ ಎರಡಕ್ಕೂ ವಿಳಾಸ ಬೇಕು. ಬೀದಿ ಒಂದೇ, ಮನೆ ನಂಬರ್ ಬೇರೆ ಅಂದುಕೊಳ್ಳಿ.

* ವಿಂಡೋಸ್ ಕೀಲಿ ಒತ್ತಿಹಿಡಿದು 'ಆರ್' ಒತ್ತಿ. ಬರುವ ಪುಟ್ಟ ಚೌಕದಲ್ಲಿ 'ಎನ್, ಸಿ, ಪಿ, ಎ, ಚುಕ್ಕಿ, ಸಿ, ಪಿ, ಎಲ್' ಎಂದು ಜಾಗ ಬಿಡದೆ ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಕೊಡಿ.
* 'ಈಥರ್‌ನೆಟ್' ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ಗೆ ಹೋಗಿ. ವಿಂಡೋಸ್ 7ರಲ್ಲಿ ಇದರ ಹೆಸರು 'ಲೋಕಲ್ ಏರಿಯಾ ಕನೆಕ್ಷನ್'.
* ಪಟ್ಟಿಯಲ್ಲಿ 'ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4' ಆರಿಸಿ, ಮತ್ತೆ 'ಪ್ರಾಪರ್ಟೀಸ್' ಒತ್ತಿ.
* 'ಯೂಸ್ ದಿ ಫಾಲೋಯಿಂಗ್ ಐಪಿ ಅಡ್ರೆಸ್' ಆಯ್ದು, ಹಳೇ ಕಂಪ್ಯೂಟರಿನಲ್ಲಿ 192.168.10.1 ಎಂದೂ ಹೊಸದರಲ್ಲಿ 192.168.10.2 ಎಂದೂ ಬರೆಯಿರಿ. ಎರಡರಲ್ಲೂ ಸಬ್‌ನೆಟ್ ಮಾಸ್ಕ್ 255.255.255.0. ಉಳಿದ ಜಾಗ ಖಾಲಿ ಇರಲಿ. ಓಕೆ ಕೊಡಿ.

ಬೇಕಾದ ಬಾಗಿಲು ಮಾತ್ರ ತೆರೆಯಿರಿ

ಈ ಭಾಗವೆಲ್ಲ ಹಳೇ ಕಂಪ್ಯೂಟರಿನಲ್ಲಿ. 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್' ಹುಡುಕಿ. ವಿಂಡೋಸ್ 7 ಮತ್ತು 10ರಲ್ಲಿ ಇದು ಕಂಟ್ರೋಲ್ ಪ್ಯಾನೆಲ್‌ನ 'ನೆಟ್‌ವರ್ಕ್ ಆ್ಯಂಡ್ ಶೇರಿಂಗ್ ಸೆಂಟರ್' ಒಳಗೆ ಸಿಗುತ್ತದೆ. 'ಕರೆಂಟ್ ಪ್ರೊಫೈಲ್' ಎಂದು ಬರೆದಿರುವ ಭಾಗದಲ್ಲಿ 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್' ಆನ್ ಮಾಡಿ.

ಆಮೇಲೆ ಫೋಟೊ ಇರುವ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', ಅಲ್ಲಿಂದ 'ಶೇರಿಂಗ್', ಅಲ್ಲಿಂದ 'ಶೇರ್' ಒತ್ತಿ. ಪಟ್ಟಿಯಲ್ಲಿ ನಿಮ್ಮ ಹೆಸರಿರುವುದನ್ನು ನೋಡಿಕೊಂಡು ಮತ್ತೆ 'ಶೇರ್' ಕೊಡಿ. 'ಎವೆರಿವನ್' ಸೇರಿಸುವುದು ಬೇಡ. ಇಡೀ ಸಿ ಡ್ರೈವ್ ತೆರೆದಿಡುವುದೂ ಬೇಡ. ನೆಂಟರು ಬಂದರೆ ಹಜಾರದ ಬಾಗಿಲು ತೆರೀತೀವಿ, ಬೀರು ಬಾಗಿಲು ತೆರೀತೀವಾ?

ಈಗ ಹೊಸ ಕಂಪ್ಯೂಟರಿಗೆ ಬನ್ನಿ. ವಿಂಡೋಸ್ ಕೀಲಿ ಜತೆ 'ಇ' ಒತ್ತಿದರೆ ಫೈಲ್‌ಗಳ ಕಿಟಕಿ ತೆರೆಯುತ್ತದೆ. ಮೇಲಿನ ವಿಳಾಸದ ಪಟ್ಟಿಯಲ್ಲಿ \\192.168.10.1 ಎಂದು ಬರೆದು ಎಂಟರ್ ಕೊಡಿ. ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಬಹಳ ಜನ ಎಡವುವುದು ಇಲ್ಲೇ! ಕೊಡಬೇಕಾದ್ದು ಹಳೇ ಕಂಪ್ಯೂಟರಿನ ಹೆಸರು ಮತ್ತು ಪಾಸ್‌ವರ್ಡ್. ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಹಳೇದಕ್ಕೆ ಪಾಸ್‌ವರ್ಡೇ ಇಲ್ಲದಿದ್ದರೆ ಒಂದನ್ನು ಇಟ್ಟು ಬನ್ನಿ, ಇಲ್ಲದಿದ್ದರೆ ವಿಂಡೋಸ್ ಒಳಗೆ ಬಿಡುವುದಿಲ್ಲ. ನಾನು ಅರ್ಧ ಗಂಟೆ ಪರದಾಡಿದ್ದು ಇದಕ್ಕೇ.

ಕಟ್ ಬೇಡ, ಕಾಪಿ ಸಾಕು

ಫೋಲ್ಡರ್ ಕಂಡಿತೇ? ಕಂಟ್ರೋಲ್ 'ಸಿ' ಒತ್ತಿ ಹೊಸದರಲ್ಲಿ ಕಂಟ್ರೋಲ್ 'ವಿ' ಒತ್ತಿ. ಯಾವ ಕಾರಣಕ್ಕೂ 'ಕಟ್' ಮಾಡಬೇಡಿ. ಮಧ್ಯೆ ಕರೆಂಟ್ ಹೋದರೂ ಮೂಲ ಫೋಟೊ ಅಲ್ಲೇ ಇರಬೇಕು.

ಎರಡೂ ಗಿಗಾಬಿಟ್ ಆಗಿದ್ದರೆ ಸೆಕೆಂಡಿಗೆ 100 ಎಂಬಿ ಆಸುಪಾಸು ಹರಿಯಬಹುದು. ಒಂದು ಹಳೇ 100 ಮೆಗಾಬಿಟ್ ಪೋರ್ಟ್ ಆಗಿದ್ದರೆ ಸುಮಾರು 11 ಎಂಬಿ. ಅಂದರೆ 40 ಜಿಬಿಗೆ ಒಂದು ಗಂಟೆ. ಸಾವಿರಾರು ಚಿಕ್ಕ ಫೋಟೊಗಳಿದ್ದರೆ, ಹಾರ್ಡ್ ಡಿಸ್ಕ್ ಹಳೆಯದಾಗಿದ್ದರೆ ಇನ್ನೂ ನಿಧಾನ. ನನ್ನದಕ್ಕೆ ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ಸಾರು, ಪಲ್ಯ ಮುಗಿಸಿ ಬಟ್ಟೆಯೂ ಒಣಹಾಕಿ ಬಂದೆ.

ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ 'ಪ್ರಾಪರ್ಟೀಸ್' ನೋಡಿ. ಫೈಲ್‌ಗಳ ಸಂಖ್ಯೆ, ಗಾತ್ರ ತಾಳೆಯಾಗಬೇಕು. ನಾಲ್ಕೈದು ಫೋಟೊ, ಒಂದೆರಡು ವಿಡಿಯೊ ತೆರೆದೂ ನೋಡಿ.

ಎಕ್ಸ್‌ಪಿ ಇದ್ದವರಿಗೆ

ನಿಮ್ಮದು 2001ರ ವಿಂಡೋಸ್ ಎಕ್ಸ್‌ಪಿ ಆಗಿದ್ದರೆ ಈ ದಾರಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅದು ಫೈಲ್ ಹಂಚಿಕೊಳ್ಳಲು ಬಳಸುವ 'ಎಸ್‌ಎಂಬಿ 1' ಎಂಬ ಹಳೇ ಪದ್ಧತಿಯಲ್ಲಿನ ದೋಷವನ್ನೇ ಹಿಡಿದು 2017ರ ಮೇನಲ್ಲಿ 'ವನ್ನಾಕ್ರೈ' ವೈರಸ್ ಜಗತ್ತಿನಾದ್ಯಂತ ಹಾವಳಿ ಮಾಡಿತ್ತು. ಹೊಸ ವಿಂಡೋಸ್‌ಗಳಲ್ಲಿ ಆ ಪದ್ಧತಿಯನ್ನು ಮುಚ್ಚಿಟ್ಟಿದ್ದಾರೆ. ಫೋಟೊ ಆಸೆಗೆ ಅದನ್ನು ತೆರೆಯಬೇಡಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲೇ ಕಂತು ಕಂತಾಗಿ ತನ್ನಿ.

ಮರೆಯದೇ ಮಾಡಿ

* ಫೋಲ್ಡರಿನ ಶೇರಿಂಗ್ ತೆಗೆಯಿರಿ. ಆನ್ ಮಾಡಿದ್ದನ್ನು ಆಫ್ ಮಾಡಿ. ವಿಳಾಸದ ಜಾಗದಲ್ಲಿ 'ಅಬ್ಟೇನ್ ಆ್ಯನ್ ಐಪಿ ಅಡ್ರೆಸ್ ಆಟೊಮ್ಯಾಟಿಕಲಿ' ಎಂದು ಬದಲಿಸಿ. ಇಲ್ಲದಿದ್ದರೆ ಮುಂದೆ ಬ್ರಾಡ್‌ಬ್ಯಾಂಡ್ ಕೇಬಲ್ ಹಾಕಿದಾಗ ಇಂಟರ್ನೆಟ್ ಬರುವುದಿಲ್ಲ.
* ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇಡಿ. ಒಂದೇ ಕಡೆ ಇರುವ ಫೋಟೊ ಇದ್ದೂ ಇಲ್ಲದ ಹಾಗೆ.
* ಹಳೇ ಕಂಪ್ಯೂಟರನ್ನು ಕೂಡಲೇ ಮಾರಬೇಡಿ. ಒಂದು ತಿಂಗಳಾದರೂ ಇಟ್ಟುಕೊಂಡು, ಏನೂ ಬಿಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗಿದ್ದದ್ದನ್ನು ಪೂರ್ತಿ ಅಳಿಸಿ ಕೊಡಿ. ವಿಂಡೋಸ್ 10ರಲ್ಲಾದರೆ 'ರಿಸೆಟ್ ದಿಸ್ ಪಿಸಿ'ಗೆ ಹೋಗಿ 'ರಿಮೂವ್ ಎವೆರಿಥಿಂಗ್' ಆರಿಸಿ, ಡ್ರೈವ್ ಸ್ವಚ್ಛ ಮಾಡುವ ಆಯ್ಕೆಯನ್ನೂ ಕೊಡಿ. ಬರೀ 'ಡಿಲೀಟ್' ಒತ್ತಿದರೆ ಬೇರೆಯವರು ಮತ್ತೆ ಹೊರತೆಗೆಯಬಹುದು.

ಅಂದು ಕಾಪಿ ಆದ ಫೋಟೊಗಳನ್ನು ತೆರೆದು ನೋಡುತ್ತಿದ್ದಾಗ ಓರಗಿತ್ತಿಯ ಮಗನ ನಾಮಕರಣದ ಚಿತ್ರಗಳು ಸಿಕ್ಕವು. ನಮ್ಮ ಕ್ಯಾಮೆರಾದಲ್ಲಿ ತೆಗೆದದ್ದು, ನನಗೇ ಮರೆತುಹೋಗಿತ್ತು. ಒಂದರಲ್ಲಿ ಅವಳ ಅಮ್ಮ ತೊಟ್ಟಿಲ ಪಕ್ಕ ನಿಂತು ನಗ್ತಾ ಇದ್ದಾರೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಒಂದಷ್ಟು ಹೊತ್ತು ಅವಳು ಮಾತೇ ಆಡಲಿಲ್ಲ. ಆಮೇಲೆ, "ಆ ಕೇಬಲ್ ಎಲ್ಲಿ ಸಿಗುತ್ತೆ ಅಕ್ಕಾ?" ಅಂದಳು.