ಕೋವಿಯ ದಾಖಲೆಯೂ ಪ್ರಜೆಯ ಮೇಲಣ ನಂಬಿಕೆಯೂ

ಪ್ರಜೆಯ ಮನೆಯಲ್ಲಿರುವ ಆಯುಧಕ್ಕೆ ಸರಕಾರದ ದಫ್ತರದಲ್ಲಿ ಲೆಕ್ಕವಿರಬೇಕೆಂಬುದನ್ನು ವಿವೇಕವುಳ್ಳ ಯಾರೂ ಅಲ್ಲಗಳೆಯಲಾರರು. ಹೊಳೆಗೆ ಹಾಕಿದರೂ ಅಳೆದು ಹಾಕು ಎಂದ ನಾಡು ನಮ್ಮದು. ಪ್ರಾಣವನ್ನೇ ತೆಗೆಯಬಲ್ಲ ವಸ್ತುವನ್ನು ಎಣಿಸದೆ ಬಿಡುವುದು ರಾಜ್ಯಭಾರದ ಲಕ್ಷಣವಲ್ಲ. ಆದರೆ ಲೆಕ್ಕವಿಡುವುದು ಒಂದು ಮಾತು, ಆ ಲೆಕ್ಕದ ಪುಸ್ತಕವನ್ನೇ ಹಿಡಿದು ತಪ್ಪು ಮಾಡದವನ ಆಯುಧವನ್ನು ತರಿಸಿಕೊಳ್ಳುವುದು ಇನ್ನೊಂದು ಮಾತು. ಮೊದಲನೆಯದು ವ್ಯವಸ್ಥೆ, ಎರಡನೆಯದು, ಕಾರಣ ಹೇಳದೆ ನಡೆಯಿತೆಂದರೆ, ಅವಿಶ್ವಾಸ. ಇವೆರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಪ್ರಕೃತ ವಿಚಾರ.

ಈ ವಿಚಾರವು ಕನ್ನಡಿಗರಿಗೆ ಹೊಸದಲ್ಲ. 1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ದಂಗೆಯೆದ್ದ ಕೂಡಲೆ ಕಂಪನಿ ಸರಕಾರದವರು ನಿಶ್ಶಸ್ತ್ರೀಕರಣ ಶಾಸನವನ್ನು ಹೊರಡಿಸಿ, ಜನರು ತಮ್ಮಲ್ಲಿದ್ದ ಹತಾರಗಳನ್ನು ದಾಖಲು ಮಾಡಿಸಬೇಕು, ಅಪ್ಪಣೆಯಿಲ್ಲದವನ್ನು ಒಪ್ಪಿಸಬೇಕು ಎಂದು ವಿಧಿಸಿದರು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರಿಗೆ ಆಯುಧವು ಕುಲವೃತ್ತಿಯ ಸಾಧನವಾಗಿತ್ತು. ಅನ್ನವೂ ಮಾನವೂ ಅದರಲ್ಲಿಯೇ ಇದ್ದವು. ಅವರು ಕೊಡೆವೆಂದರು. ಆ ವರ್ಷದ ನವೆಂಬರ್ ತಿಂಗಳಲ್ಲಿ ಸೈನ್ಯವು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಈ ಕಥೆಯನ್ನು ಹಾಡಿದ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಎಂಬುದು ವಿಚಿತ್ರವಾದರೂ ನಿಜ. ಬೇಡರು ಅದುವರೆಗೆ ಕಂಪನಿಯ ವಿರುದ್ಧ ಕೈಯೆತ್ತಿದವರಲ್ಲ. ದೂರದಲ್ಲಿ ಯಾರೋ ಎದ್ದುದಕ್ಕಾಗಿ ಇವರಿಂದ ಹತಾರ ಕೇಳಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಅದೇ ಸರಕಾರವು ನಾಲ್ಕೇ ವರ್ಷದೊಳಗೆ ಕೊಡಗಿನಲ್ಲಿ ಬೇರೆ ನೀತಿಯನ್ನು ಹಿಡಿಯಿತು. 1861ರ ಫೆಬ್ರವರಿಯಲ್ಲಿ ಮುಖ್ಯ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ಶೌರ್ಯವನ್ನೂ ನಿಷ್ಠೆಯನ್ನೂ ಕೊಂಡಾಡಿ, ಅವರನ್ನು ನಿಶ್ಶಸ್ತ್ರೀಕರಣ ಶಾಸನದ ಹೊರಗಿಟ್ಟನು. ನಂಬಿಕೆಯಿದ್ದಲ್ಲಿ ಕೋವಿ ಮನೆಯಲ್ಲಿ ಉಳಿಯಿತು. ನಂಬಿಕೆಯಿಲ್ಲದಲ್ಲಿ ಊರೇ ಉಳಿಯಲಿಲ್ಲ. ಕೋವಿ ಅಪಾಯಕರವಾದುದೇ ಕಾರಣವಾಗಿದ್ದರೆ ಅದು ಕೊಡಗಿನಲ್ಲಿಯೂ ಹಲಗಲಿಯಲ್ಲಿಯೂ ಸಮಾನವಾಗಿಯೇ ಅಪಾಯಕರವಾಗಿರಬೇಕಾಗಿತ್ತು. ಆಳುವವರು ಅಳೆದುದು ಕೋವಿಯನ್ನಲ್ಲ, ಪ್ರಜೆಯನ್ನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತ ಆ ವಿನಾಯಿತಿಯು ಇಂದಿಗೂ ಮುಂದುವರಿದಿದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರ ಅಕ್ಟೋಬರ್ ಅಂತ್ಯದವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಜನರು ಅದರಿಂದ ರಾಜ್ಯಕ್ಕೆ ಕೇಡನ್ನು ಬಗೆದ ದಾಖಲೆಯಿಲ್ಲ.

1878ರಲ್ಲಿ ವೈಸರಾಯ್ ಲಿಟ್ಟನ್ ಪ್ರಭುವಿನ ಕಾಲದಲ್ಲಿ ಆಯುಧ ಕಾಯಿದೆಯು ಇಡೀ ಬ್ರಿಟಿಷ್ ಹಿಂದೂಸ್ಥಾನಕ್ಕೆ ಅನ್ವಯವಾಯಿತು. ಭಾರತೀಯನು ಕೋವಿಗೆ ಪರವಾನಗಿಗಾಗಿ ಅರ್ಜಿ ಹಿಡಿದು ನಿಲ್ಲಬೇಕು. ಯುರೋಪಿಯನನಿಗೆ ಅದರ ಗೊಡವೆಯಿಲ್ಲ. ಪತ್ರಿಕಾವೃತ್ತಿಯವರಾದ ನಾವು ಇನ್ನೊಂದು ಸಂಗತಿಯನ್ನೂ ಮರೆಯಲಾರೆವು. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ ಕಾಯಿದೆಯು ಹುಟ್ಟಿದುದೂ ಅದೇ 1878ರಲ್ಲಿಯೇ. ಒಂದೇ ಭಯವು ಒಂದೇ ವರ್ಷದಲ್ಲಿ ಎರಡು ಮಕ್ಕಳನ್ನು ಹೆತ್ತಿತು. ಪತ್ರಿಕಾ ಕಾಯಿದೆಯನ್ನು 1882ರಲ್ಲಿ ರಿಪ್ಪನ್ ಪ್ರಭುವು ರದ್ದುಮಾಡಿದನು. ಆಯುಧ ಕಾಯಿದೆಯಾದರೋ ಸ್ವಾತಂತ್ರ್ಯ ಬಂದ ಮೇಲೂ ಹದಿನೈದು ವರ್ಷ ಬದುಕಿತ್ತು.

ರಾಷ್ಟ್ರೀಯ ಚಳವಳಿಯ ಹಿರಿಯರು ಇದನ್ನು ಸಣ್ಣ ವಿಷಯವೆಂದು ಎಣಿಸಿದವರಲ್ಲ. ಅಹಿಂಸೆಯನ್ನೇ ಧರ್ಮವೆಂದು ಬಗೆದ ಗಾಂಧೀಜಿಯವರು, ಒಂದು ಇಡೀ ರಾಷ್ಟ್ರವನ್ನು ನಿರಾಯುಧವನ್ನಾಗಿ ಮಾಡಿದ ಶಾಸನವು ಬ್ರಿಟಿಷ್ ಆಳಿಕೆಯ ದುಷ್ಕೃತ್ಯಗಳಲ್ಲೆಲ್ಲ ಅತ್ಯಂತ ಕಪ್ಪಾದುದೆಂದು 1918ರಲ್ಲಿ ಬರೆದರು. 1930ರಲ್ಲಿ ಸರಕಾರದ ಮುಂದೆ ಅವರಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯ ರದ್ದತಿಯೊಡನೆ, ಆತ್ಮರಕ್ಷಣೆಗಾಗಿ ಕೋವಿಯ ಪರವಾನಗಿಯನ್ನು ಪ್ರಜೆಗಳ ಹತೋಟಿಗೊಳಪಟ್ಟು ಕೊಡಬೇಕೆಂಬುದೂ ಒಂದಾಗಿತ್ತು. 1931ರ ಕರಾಚಿ ಕಾಂಗ್ರೆಸ್ಸು ನಿಯಮಗಳಿಗೆ ಒಳಪಟ್ಟು ಆಯುಧವನ್ನು ಇಟ್ಟುಕೊಳ್ಳುವುದನ್ನು ಪ್ರಜೆಯ ಹಕ್ಕುಗಳ ಸಾಲಿನಲ್ಲಿ ಸೇರಿಸಿತು. ಗಾಂಧೀಜಿಯವರ ಬೇಡಿಕೆಯಲ್ಲಿ ಹತೋಟಿಯೂ ಇದೆ, ಕರಾಚಿಯ ನಿರ್ಣಯದಲ್ಲಿ ನಿಯಮವೂ ಇದೆ. ಅಂಕೆಯಿಲ್ಲದ ಆಯುಧವನ್ನು ಆ ಹಿರಿಯರು ಕೇಳಲಿಲ್ಲ. ಕಾರಣವಿಲ್ಲದ ಅಂಕೆಯನ್ನು ಅವರು ಒಪ್ಪಲಿಲ್ಲ.

ಮುಂದೆ ಸಂವಿಧಾನವನ್ನು ರಚಿಸುವ ಸಭೆಯಲ್ಲಿ, ಮಂಗಳೂರಿನಲ್ಲಿ ಜನಿಸಿದ ಹೆಚ್. ವಿ. ಕಾಮತರು 1948ರ ಡಿಸೆಂಬರಿನಲ್ಲಿ ಈ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಬರೆಯಬೇಕೆಂದು ತಿದ್ದುಪಡಿಯನ್ನು ತಂದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ, ಅಂತಹ ಹಕ್ಕನ್ನು ಎಲ್ಲರಿಗೂ ಕೊಟ್ಟರೆ ದುಷ್ಕರ್ಮಿಗಳೂ ಅದನ್ನು ಆಶ್ರಯಿಸುವರೆಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಆ ತೀರ್ಮಾನವು ದೂರದೃಷ್ಟಿಯದೆಂದೇ ನಮ್ಮ ಅಭಿಪ್ರಾಯ. ಆದುದರಿಂದ ನಮ್ಮಲ್ಲಿ ಕೋವಿಯು ಹುಟ್ಟುಹಕ್ಕಲ್ಲ, ಕಾಯಿದೆಯು ಕೊಟ್ಟ ಅನುಮತಿ. ಆದರೆ ಅನುಮತಿಯನ್ನು ಪಡೆದವನಿಗೆ ನ್ಯಾಯವು ಸಲ್ಲಬೇಕಾಗಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲವಷ್ಟೆ.

1959ರ ಆಯುಧ ಕಾಯಿದೆಯು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅದರಲ್ಲಿ ಅಧಿಕಾರವೂ ಇದೆ, ಅಧಿಕಾರಕ್ಕೆ ಕಟ್ಟೂ ಇದೆ. 17ನೆಯ ಕಲಮಿನ ಮೇರೆಗೆ ಸಾರ್ವಜನಿಕ ಶಾಂತಿಯ ರಕ್ಷಣೆಗಾಗಿ ಪರವಾನಗಿಯನ್ನು ಅಮಾನತಿನಲ್ಲಿಡಬಹುದು, ರದ್ದುಮಾಡಲೂಬಹುದು. ಆದರೆ ಅಧಿಕಾರಿಯು ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಪರವಾನಗಿದಾರನು ಕೇಳಿದರೆ ಅದರ ಸಂಕ್ಷೇಪವನ್ನು ಕೊಡಬೇಕು, ಸಾರ್ವಜನಿಕ ಹಿತಕ್ಕೆ ಬಾಧಕವೆನಿಸಿದಲ್ಲಿ ಮಾತ್ರ ಕೊಡದಿರಬಹುದು. 18ನೆಯ ಕಲಮು ಮೇಲ್ಮನವಿಗೆ ಎಡೆಯನ್ನು ಕಲ್ಪಿಸಿದೆ. ಇಷ್ಟರವರೆಗೆ ಇದು ಸ್ವತಂತ್ರ ದೇಶದ ಕಾಯಿದೆಯೇ ಸರಿ. ಆದರೆ 24ನೆಯ ಕಲಮನ್ನು ಓದಿದವರಿಗೆ ಹಳೆಯ ಧ್ವನಿಯೇ ಕೇಳಿಸುವುದು. ಒಬ್ಬನು ಕಾಯಿದೆಬದ್ಧವಾಗಿಯೇ ಆಯುಧವನ್ನು ಹೊಂದಿದ್ದರೂ ಅದನ್ನು ಯಾವ ಕಾಲದಲ್ಲಾದರೂ ವಶಪಡಿಸಿಕೊಂಡು, ಶಾಂತಿರಕ್ಷಣೆಗೆ ಬೇಕೆಂದು ತೋರಿದಷ್ಟು ಕಾಲ ಇಟ್ಟುಕೊಳ್ಳುವಂತೆ ಕೇಂದ್ರ ಸರಕಾರವು ಅಪ್ಪಣೆ ಮಾಡಬಹುದು. ಎಷ್ಟು ಕಾಲವೆಂಬ ಮಿತಿಯನ್ನು ಆ ಕಲಮು ಹೇಳುವುದಿಲ್ಲ.

2019ರ ಡಿಸೆಂಬರಿನ ತಿದ್ದುಪಡಿಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಬ್ಬನಿಗೆ ಮೂರು ಕೋವಿಗಳವರೆಗೆ ಇದ್ದ ಅವಕಾಶವನ್ನು ಎರಡಕ್ಕೆ ಇಳಿಸಲಾಯಿತು. ಮಸೂದೆಯ ಮೊದಲ ರೂಪದಲ್ಲಿ ಒಂದೇ ಎಂದಿತ್ತು, ಆಕ್ಷೇಪಣೆಗಳು ಬಂದ ಮೇಲೆ ಎರಡಾಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಯಲ್ಲಾಗಲಿ ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಒಪ್ಪಿಸಬೇಕು. ತಾತನ ಕಾಲದಿಂದ ಗೋಡೆಯ ಮೇಲಿದ್ದ ಜೋಡುನಳಿಗೆಯ ಕೋವಿಯೂ ಈ ಎಣಿಕೆಯೊಳಗೇ ಸೇರಿತು. ಅದೇ ತಿದ್ದುಪಡಿಯು ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದುದನ್ನೂ, ಮದುವೆ ಮೆರವಣಿಗೆಗಳಲ್ಲಿ ಉತ್ಸಾಹಕ್ಕಾಗಿ ಗುಂಡು ಹಾರಿಸಿ ಪರರ ಪ್ರಾಣವನ್ನು ಗಂಡಾಂತರಕ್ಕೆ ಒಡ್ಡುವವರಿಗೆ ಶಿಕ್ಷೆಯನ್ನು ವಿಧಿಸಿದುದನ್ನೂ ನಾವು ಮೆಚ್ಚುತ್ತೇವೆ. ಆದರೆ ಕಾಯಿದೆಯಂತೆ ಕೊಂಡು, ಕಾಯಿದೆಯಂತೆ ದಾಖಲು ಮಾಡಿಸಿದ ಸ್ವತ್ತನ್ನು ಬಿಟ್ಟುಕೊಡೆಂದ ಸರಕಾರವು ಪರಿಹಾರದ ಮಾತನ್ನೇ ಎತ್ತಲಿಲ್ಲ.

ಈ ವಿಷಯದಲ್ಲಿ ಆಸ್ಟ್ರೇಲಿಯದ ನಡತೆಯು ಗಮನಾರ್ಹವಾದುದು. 1996ರ ಏಪ್ರಿಲಿನಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನೇ ದುರುಳನು 35 ಜನರನ್ನು ಕೊಂದ ಮೇಲೆ, ಆ ಸರಕಾರವು ತಾನಾಗಿ ಗುಂಡು ತುಂಬಿಕೊಳ್ಳುವ ಕೋವಿಗಳನ್ನು ನಿಷೇಧಿಸಿ ಸುಮಾರು ಆರೂವರೆ ಲಕ್ಷ ಕೋವಿಗಳನ್ನು ಜನರಿಂದ ಹಿಂಪಡೆಯಿತು. ಆದರೆ ಬೆಲೆ ಕೊಟ್ಟು ಪಡೆಯಿತು. ಆ ಹಣಕ್ಕಾಗಿ ಒಂದು ಬಾರಿಯ ವಿಶೇಷ ತೆರಿಗೆಯನ್ನು ಹಾಕಿತು. ಸ್ವತ್ತನ್ನು ತೆಗೆದುಕೊಂಡರೆ ನ್ಯಾಯವಾದ ಬೆಲೆ ಸಲ್ಲಬೇಕೆಂದು ಅಲ್ಲಿಯ ಸಂವಿಧಾನವೇ ಹೇಳುತ್ತದೆ. ಕೋವಿ ಹೋಯಿತು, ಪ್ರಜೆಯ ಮಾನ ಹೋಗಲಿಲ್ಲ.

ಇನ್ನು ನಮ್ಮ ಜಿಲ್ಲೆಗಳಲ್ಲಿ ಚುನಾವಣೆ ಬಂದಾಗಲೆಲ್ಲ ನಡೆಯುವುದನ್ನು ನೋಡೋಣ. ದಕ್ಷಿಣ ಕನ್ನಡದಿಂದ ಮಲೆನಾಡಿನವರೆಗೆ ಅಡಿಕೆ, ಬಾಳೆ, ಬತ್ತಗಳ ಬೆಳೆಗಾರನು ಬೆಳೆರಕ್ಷಣೆಗೆಂದು ಒಂದು ಕೇಪಿನ ಕೋವಿಯನ್ನೋ ತೋಟೆಯ ಕೋವಿಯನ್ನೋ ಪರವಾನಗಿಯೊಡನೆ ಇಟ್ಟುಕೊಂಡಿರುತ್ತಾನೆ. ಹಂದಿಯ ಹಿಂಡನ್ನೂ ಮಂಗಗಳನ್ನೂ ಸದ್ದಿನಿಂದ ಬೆದರಿಸಿ ಓಡಿಸುವುದೇ ಅದರ ಮುಖ್ಯ ಉಪಯೋಗ. ಅವನ ಮನೆ ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ಇದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅವನು ಅರಣ್ಯಾಧಿಕಾರಿಗಳಲ್ಲಿಯೂ ಹೆಸರು ದಾಖಲಿಸಬೇಕು. ಎರಡು ದಫ್ತರಗಳಲ್ಲಿ ಹೆಸರಿರುವ ಈ ಮನುಷ್ಯನಿಗಿಂತ ಸರಕಾರಕ್ಕೆ ಹೆಚ್ಚು ಪರಿಚಿತನಾದವನು ಊರಿನಲ್ಲಿ ಇನ್ನಾರಿದ್ದಾರೆ? ಆದರೂ ಚುನಾವಣೆ ಸಾರಿದೊಡನೆ ಕೋವಿಯನ್ನು ಠೇವಣಿಯಿಡೆಂಬ ಸೂಚನೆಯು ಅವನಿಗೇ ಮೊದಲು ಹೋಗುತ್ತದೆ.

ಚುನಾವಣಾ ಆಯೋಗದ ಸೂಚನೆಯಾದರೋ ಹಾಗಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಚರಿತ್ರೆಯುಳ್ಳವರು, ಹಿಂದೆ ಗಲಭೆಯಲ್ಲಿ, ಅದರಲ್ಲಿಯೂ ಚುನಾವಣೆಯ ಗಲಭೆಯಲ್ಲಿ ಸೇರಿದವರು, ಇಂತಹವರನ್ನು ಪರಿಶೀಲನಾ ಸಮಿತಿಯು ಒಬ್ಬೊಬ್ಬರನ್ನಾಗಿ ವಿಚಾರಿಸಿ ಆರಿಸಬೇಕೆಂಬುದು ಅದರ ತಾತ್ಪರ್ಯ. ಸಮಿತಿಯ ವಿಚಾರಣೆಯೂ ಕಾರಣವೂ ಇಲ್ಲದೆ ಸಾರಾಸಗಟಾಗಿ ಠೇವಣಿಗೆ ಬಲವಂತಪಡಿಸಕೂಡದೆಂದು ಅಲಾಹಾಬಾದ್ ಉಚ್ಚ ನ್ಯಾಯಾಲಯವು 2024ರಲ್ಲಿ ತೀರ್ಪಿತ್ತಿತು. ಒಬ್ಬೊಬ್ಬರನ್ನಾಗಿ ವಿಚಾರಿಸುವುದು ಶ್ರಮದ ಕೆಲಸ. ಎಲ್ಲರಿಗೂ ಒಂದೇ ನಮೂನೆಯ ನೋಟೀಸನ್ನು ಕಳುಹುವುದು ಸುಲಭ. ಆದರೆ ಅಧಿಕಾರಿಯ ಅನುಕೂಲವು ಪ್ರಜೆಯ ಅಪರಾಧವಾಗಲಾರದು.

ಕಾಲದ ಲೆಕ್ಕವನ್ನೂ ನೋಡಬೇಕು. 2024ರ ಲೋಕಸಭಾ ಚುನಾವಣೆಯನ್ನು ಮಾರ್ಚ್ 16ರಂದು ಸಾರಲಾಯಿತು. ದಕ್ಷಿಣ ಕನ್ನಡದಲ್ಲಿಯೂ ಕೊಡಗಿನಲ್ಲಿಯೂ ಏಪ್ರಿಲ್ 26ರಂದು ಮತದಾನವಾಯಿತು. ಎಣಿಕೆ ಜೂನ್ 4ರಂದು. ಸಾರಿದಂದಿನಿಂದ ಎಣಿಕೆಗೆ 80 ದಿನ. ಮತದಾನ ಮುಗಿದ ಮೇಲೆಯೇ 39 ದಿನ. ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆ ಆಯುಧವನ್ನು ಹಿಂದಿರುಗಿಸಬೇಕೆಂಬುದು ನಿಯಮ. ಹಂದಿಗೂ ಮಂಗಕ್ಕೂ ಚುನಾವಣೆಯ ನೀತಿಸಂಹಿತೆ ತಿಳಿಯದಷ್ಟೆ. ಮುಂದೆ ಶಾಸನಸಭೆ, ಪಂಚಾಯಿತಿಗಳ ಚುನಾವಣೆಗಳಿಗೂ ಇದೇ ಕ್ರಮವು ಮರುಕಳಿಸಿದರೆ, ಬೆಳೆರಕ್ಷಣೆಗೆಂದು ಸರಕಾರವೇ ಕೊಟ್ಟ ಪರವಾನಗಿಯು ಬೆಳೆಯ ಕಾಲದಲ್ಲಿ ಬರಿಯ ಕಾಗದವಾಗುವುದು. ಎಣ್ಣೆ ಕಾಣದೆ ಠಾಣೆಯ ಮೂಲೆಯಲ್ಲಿ ಬಿದ್ದ ಕೋವಿಗೆ ತುಕ್ಕು ಹಿಡಿದರೆ ಹೊಣೆ ಯಾರದು?

ಪ್ರತಿಪಕ್ಷದ ಮಾತಿನಲ್ಲಿಯೂ ಹುರುಳಿದೆ. ಪರವಾನಗಿಯ ಕೋವಿಯಿಂದ ಕೊಲೆಗಳು ನಡೆದಿವೆ. ಶಿಕಾರಿಯ ನೆಪದಲ್ಲಿ ಪ್ರಾಣಗಳು ಹೋಗಿವೆ. ಕೋಪದ ಗಳಿಗೆಯಲ್ಲಿ ಕೈಗೆ ಸಿಕ್ಕುವ ಕೋವಿಯು ಮನೆಯವರಿಗೇ ಮೃತ್ಯುವಾಗಬಲ್ಲುದು. 2016ರ ಅಂತ್ಯಕ್ಕೆ ದೇಶದಲ್ಲಿ 33 ಲಕ್ಷಕ್ಕೂ ಹೆಚ್ಚು ಪರವಾನಗಿಗಳಿದ್ದವು. ಅವುಗಳಲ್ಲಿ 12 ಲಕ್ಷಕ್ಕೂ ಮಿಕ್ಕು ಉತ್ತರಪ್ರದೇಶವೊಂದರಲ್ಲಿಯೇ. ಅಲ್ಲೆಲ್ಲ ಕೋವಿಯು ರಕ್ಷಣೆಯ ಸಾಧನಕ್ಕಿಂತ ದರ್ಪದ ಭೂಷಣವಾದುದೂ ಉಂಟು. ಹೀಗಿರಲು ಸರಕಾರವು ಕೈಕಟ್ಟಿ ಕುಳಿತಿರಬೇಕೆಂದು ಹೇಳುವಷ್ಟು ಅವಿವೇಕವು ನಮಗಿಲ್ಲ. ಆದರೆ ಗುಂಡಿನಿಂದಾಗುವ ಕೊಲೆಗಳಲ್ಲಿ ಬಹುಪಾಲು ನಡೆಯುವುದು ಪರವಾನಗಿಯಿಲ್ಲದ ಕಳ್ಳಕೋವಿಗಳಿಂದ. ಅವು ಯಾವ ದಫ್ತರದಲ್ಲಿಯೂ ಇಲ್ಲ. ಯಾವ ನೋಟೀಸೂ ಅವುಗಳ ಒಡೆಯರನ್ನು ಮುಟ್ಟದು. ಪಟ್ಟಿಯಲ್ಲಿ ಹೆಸರು ಬರೆಸಿದವನು ಮಾತ್ರ ಪಟ್ಟಿಯ ಕಷ್ಟಕ್ಕೆ ಗುರಿಯಾದರೆ, ಬರೆಸದಿರುವುದೇ ಜಾಣತನವೆಂಬ ದುರ್ಬೋಧೆಯನ್ನು ಸರಕಾರವೇ ಜನರಿಗೆ ಮಾಡಿದಂತಾಗುವುದು. ದಾಖಲೆಯ ಬಲವು ಜನರ ಒಪ್ಪಿಗೆಯಲ್ಲಿದೆ. ಆ ಒಪ್ಪಿಗೆ ಸಡಿಲಿದರೆ ಪುಸ್ತಕವು ತೆಳ್ಳಗಾಗುವುದು, ಕಾಡಿನ ಕುಲುಮೆಗಳು ಉರಿಯುವುವು.

ಆದುದರಿಂದ ಅಧಿಕಾರಿವರ್ಗದ ಮುಂದೆ ನಾವು ಇಡುವ ಮಾತುಗಳು ಇಷ್ಟೆ. ದಾಖಲೆಯು ಕಟ್ಟುನಿಟ್ಟಾಗಿರಲಿ. ಚುನಾವಣೆಯ ಠೇವಣಿಗೆ ಒಬ್ಬೊಬ್ಬನ ಹೆಸರಿನ ಮುಂದೆ ಒಂದೊಂದು ಕಾರಣವನ್ನು ಬರೆಯಲಿ; ಕಾರಣ ಬರೆಯಲಾಗದಲ್ಲಿ ಕೋವಿಯನ್ನು ಮುಟ್ಟದಿರಲಿ. ಬೆಳೆಗಾರನ ಕೋವಿಯನ್ನು ಆ ಜಿಲ್ಲೆಯ ಮತದಾನ ಮುಗಿದೊಡನೆ ಹಿಂದಿರುಗಿಸುವಂತೆ ನಿಯಮವನ್ನು ತಿದ್ದಲಿ. ಠೇವಣಿಯಲ್ಲಿ ಕೆಟ್ಟುದಕ್ಕೆ ನಷ್ಟವನ್ನು ತುಂಬಿಕೊಡಲಿ. ಕಾಯಿದೆಯನ್ನು ಬದಲಿಸಿ ಸ್ವತ್ತನ್ನು ತೆಗೆದುಕೊಳ್ಳಬೇಕಾದಾಗ ಬೆಲೆಯನ್ನು ಕೊಡಲಿ. 24ನೆಯ ಕಲಮಿಗೆ ಪಾರ್ಲಿಮೆಂಟು ಒಂದು ಕಾಲಮಿತಿಯನ್ನು ಹಾಕಲಿ. ಠಾಣೆಯವರ ಶ್ರಮವೆಲ್ಲ ಕಳ್ಳಕೋವಿಯ ಬೆನ್ನು ಹತ್ತಲಿ. ಇವುಗಳಲ್ಲಿ ಯಾವುದೂ ರಾಜ್ಯದ ಶಾಂತಿಗೆ ಭಂಗ ತರುವಂತಹುದಲ್ಲ.

ಹಲಗಲಿಯಲ್ಲಿ ಹತಾರ ಕೇಳಿದವರು ಪರದೇಶಿಗಳು. ಅವರು ಪ್ರಜೆಗೆ ಅಂಜುತ್ತಿದ್ದರು, ಅಂಜಲು ಕಾರಣವೂ ಇದ್ದಿತು. ಇಂದು ಕೇಳುವವರು ಪ್ರಜೆಯ ಮತದಿಂದಲೇ ಕುಳಿತವರು. ಮತವನ್ನು ಹಾಕಲು ಯೋಗ್ಯನೆಂದು ನಂಬಿದ ಮನುಷ್ಯನನ್ನು, ಆ ಮತ ಹಾಕುವ ದಿನಗಳಲ್ಲಿಯೇ ಕಾರಣ ಹೇಳದೆ ಸಂದೇಹದಿಂದ ಕಾಣುವುದು ಸ್ವರಾಜ್ಯಕ್ಕೆ ಒಪ್ಪುವ ನಡತೆಯಲ್ಲ.